ಅಳಿಯುವ ಬಣ್ಣಗಳ ಚರಿತ್ರೆ

ಆಗುಂಬೆ ಎಂದೊಡನೆ ನಿಮ್ಮಲ್ಲಿ ಬಹಳ ಮಂದಿಗೆ ಸೂರ್ಯಾಸ್ತ ನೆನಪಾಗುತ್ತದೆ, ಇಲ್ಲವೇ ಮಳೆ. ನಮ್ಮ ವೃತ್ತಿಯವರಿಗೆ ಮೂರನೆಯದೊಂದು ನೆನಪೂ ಉಂಟು. ಅದು 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಅವರು ಕಿರುತೆರೆಗೆ ತಂದಾಗ, ಕಲ್ಪನೆಯ ಊರಿಗೆ ಬೀದಿ, ಜಗಲಿ, ಕಂಬಗಳನ್ನು ಒದಗಿಸಿದ್ದು ಈ ಊರು. 1986ರಲ್ಲಿ ಅದು ದೂರದರ್ಶನದಲ್ಲಿ ಮೊದಲು ಪ್ರಸಾರವಾದಾಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಆಗುಂಬೆ ಎಂಬುದು ನಿಜವಾದ ಊರು, ಅದು ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇದೆ ಎಂದು ತಿಳಿದದ್ದು ಆಮೇಲೆ.

ವರ್ಷಗಳ ನಂತರ ಕ್ಯಾಮೆರಾದೊಂದಿಗೆ ಅಲ್ಲಿಗೆ ಹೋದಾಗ ಅಲ್ಲಿನ ಮಳೆ ನನಗೆ ಹೊಸದೊಂದು ಪಾಠ ಕಲಿಸಿತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗದಲ್ಲಿ ಯಾವ ವಸ್ತುವೂ ಇಟ್ಟ ಹಾಗೆ ಇರುವುದಿಲ್ಲ. ಚರ್ಮದ ಚೀಲ ಎರಡೇ ದಿನದಲ್ಲಿ ಬೂಸಲು ಹಿಡಿಯುತ್ತದೆ. ಲೆನ್ಸಿನ ಗಾಜಿನ ಒಳಮೈಯಲ್ಲಿ ಶಿಲೀಂಧ್ರವು ಜೇಡನ ಬಲೆಯಂತೆ ಎಳೆ ಎಳೆಯಾಗಿ ಹಬ್ಬುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ತುಂಬಿ, ರಾತ್ರಿಯೆಲ್ಲ ಒಂದು ವಿದ್ಯುತ್ ಬಲ್ಬು ಉರಿಸಿ ಉಪಕರಣಗಳನ್ನು ಕಾಪಾಡಿಕೊಂಡೆವು. ಅದೇ ಮಳೆಯ ನಾಡಿನಲ್ಲಿ, ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಚಿತ್ರ ಬರೆಯುವ ಕಲೆಯೊಂದು ತಲೆಮಾರುಗಳಿಂದ ನಡೆದು ಬಂದಿದೆ. ಇಷ್ಟು ನೀರಿನ ನಡುವೆ ನೀರಿಗೆ ಕರಗುವ ಬಣ್ಣವನ್ನೇ ಜನ ಏಕೆ ಆರಿಸಿಕೊಂಡರು? ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಪ್ರಶ್ನೆ ತಲೆಯಲ್ಲಿ ನಿಲ್ಲಲು ಇನ್ನೊಂದು ಕಾರಣವೂ ಇತ್ತು. ಮಲೆನಾಡಿನ ಗೋಡೆ ಚಿತ್ತಾರಗಳನ್ನು ಹಿಂದೆ ಯಾರೋ ಚಿತ್ರೀಕರಿಸಿದ್ದ ಒಂದು ಹಳೆಯ ವಿಡಿಯೊ ಟೇಪು ಕಪಾಟೊಂದರಲ್ಲಿ ನನ್ನ ಕೈಗೆ ಸಿಕ್ಕಿತ್ತು. ಉತ್ಸಾಹದಿಂದ ಯಂತ್ರಕ್ಕೆ ಹಾಕಿದೆ. ಅದು ಕೀರಲು ದನಿ ಮಾಡಿ, ಅರೆ ನಿಮಿಷ ಪಟ್ಟೆ ಪಟ್ಟೆಯಾಗಿ ಏನನ್ನೋ ತೋರಿಸಿ, ನಿಂತೇಬಿಟ್ಟಿತು. ತೆಗೆದು ನೋಡಿದರೆ ಟೇಪಿನ ಮೇಲ್ಮೈ ಅಂಟಂಟಾಗಿತ್ತು. ಯಂತ್ರದ ತಲೆಯ ಮೇಲೆ ಕಂದು ಬಣ್ಣದ ಪುಡಿ ಮೆತ್ತಿಕೊಂಡಿತ್ತು. ಹತ್ತಿಯಿಂದ ಅದನ್ನು ಒರೆಸುವಾಗ, ಕಾಲೇಜಿನಲ್ಲಿ ಕಲಿತ ರಸಾಯನಶಾಸ್ತ್ರ ಒಮ್ಮೆಲೇ ನೆನಪಾಗಿ ನಗು ಬಂತು. ಆ ಪುಡಿ ಮತ್ತೇನಲ್ಲ, ಕಬ್ಬಿಣದ ಆಕ್ಸೈಡು. ಗೋಡೆಗೆ ಬಳಿಯುವ ಕೆಮ್ಮಣ್ಣಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ! ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳು ಎಂಬ ಲೆಕ್ಕ ಎರಡರಲ್ಲೂ ಒಂದೇ. ಹರಳಿನೊಳಗೆ ಪರಮಾಣುಗಳು ಕೂತಿರುವ ಕ್ರಮ ಮಾತ್ರ ಬೇರೆ. ಒಂದು ಕ್ರಮದಲ್ಲಿ ಕೂತರೆ ಅದು ಕೆಂಪು ಹೆಮಟೈಟ್. ಇನ್ನೊಂದು ಕ್ರಮದಲ್ಲಿ ಕೂತರೆ ಕಾಂತಗುಣವುಳ್ಳ ಕಂದು ಮ್ಯಾಗ್ಹೆಮೈಟ್. ಹಳೆಯ ಟೇಪುಗಳು ಚಿತ್ರವನ್ನು ಹಿಡಿದಿಟ್ಟುಕೊಳ್ಳುತ್ತಿದ್ದುದು ಈ ಎರಡನೆಯದರ ಕಣಗಳಲ್ಲಿ.

ಕೆಟ್ಟದ್ದು ಕಬ್ಬಿಣವಲ್ಲ, ಅದನ್ನು ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ್ದ ಅಂಟು. ಪಾಲಿಯುರೆಥೇನ್ ಜಾತಿಯ ಆ ಅಂಟು ಗಾಳಿಯ ತೇವವನ್ನು ಹೀರಿಕೊಂಡು, ವರ್ಷಗಳಲ್ಲಿ ಅಣು ಅಣುವಾಗಿ ಒಡೆಯುತ್ತದೆ. ಅಂಥ ಟೇಪನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇಟ್ಟು ಒಣಗಿಸಿದರೆ ಕೆಲವು ದಿನಗಳ ಮಟ್ಟಿಗೆ ಓಡುತ್ತದೆ. ಅಷ್ಟರೊಳಗೆ ನಕಲು ತೆಗೆದುಕೊಳ್ಳಬೇಕು. ನಾವೂ ಹಾಗೆಯೇ ಮಾಡಿ ಸುಮಾರು ಅರ್ಧ ಭಾಗ ಉಳಿಸಿಕೊಂಡೆವು. ಶಾಶ್ವತವಾಗಿ ದಾಖಲಿಸುತ್ತೇವೆ ಎಂದು ಹೊರಟವರ ಟೇಪು ಮೂವತ್ತು ವರ್ಷವೂ ಬಾಳಲಿಲ್ಲ. ಮರುವರ್ಷಕ್ಕೆ ಉಳಿಯುವುದಿಲ್ಲ ಎಂದು ತಿಳಿದೇ ಬರೆದವರ ಚಿತ್ತಾರ ಇನ್ನೂ ನಡೆಯುತ್ತಿದೆ. ಇದು ಹೇಗೆ?

ಮೊದಲು ಬಣ್ಣಗಳಿಂದಲೇ ತೊಡಗೋಣ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ನಡೆದರೆ ಕಾಲಿಗೆ ಹತ್ತುವ ಕೆಂಪು ಮಣ್ಣು ಮಳೆಯದೇ ಸೃಷ್ಟಿ. ಲಕ್ಷಾಂತರ ವರ್ಷಗಳ ಕಾಲ ಬಿಸಿಲು ಮಳೆಗಳು ಒಂದಾದ ಮೇಲೊಂದು ಬಂದಾಗ, ಬಂಡೆಯಲ್ಲಿರುವ ಸಿಲಿಕಾ ಮತ್ತು ಸುಲಭವಾಗಿ ಕರಗುವ ಲವಣಗಳು ನೀರಿನೊಂದಿಗೆ ಇಳಿದುಹೋಗುತ್ತವೆ. ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಮ್ ಆಕ್ಸೈಡುಗಳು ಹಿಂದುಳಿಯುತ್ತವೆ. ನಾವು ಜಂಬಿಟ್ಟಿಗೆ ಎನ್ನುವ ಕಲ್ಲು ಇದೇ. 'ಲ್ಯಾಟರೈಟ್' ಎಂದು ಅದಕ್ಕೆ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ, 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಈತ ನಮ್ಮ ಇಕ್ಕೇರಿ, ನಗರಗಳನ್ನೂ ಹಾದುಹೋದ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಆ ಹೆಸರು ಬಂತು. ಅಂದರೆ ಗೋಡೆಯ ಕೆಂಪು ಎನ್ನುವುದು ಮಳೆ ತೊಳೆದು ತೊಳೆದು ಇನ್ನು ತೊಳೆಯಲಾರೆ ಎಂದು ಬಿಟ್ಟುಹೋದ ಬಣ್ಣ. ಅದಕ್ಕೇ ಅದು ಮಾಸುವುದಿಲ್ಲ.

ಬಿಳಿಯ ಕಥೆ ತದ್ವಿರುದ್ಧ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದಾಗ ಬರುವ ಹಾಲಿನಂಥ ದ್ರವದಲ್ಲಿ ಪಿಷ್ಟದ ಕಣಗಳು ತೇಲುತ್ತಿರುತ್ತವೆ. ಒಣಗಿದಾಗ ಅವು ಗೋಡೆಗೆ ತೆಳುವಾಗಿ ಕಚ್ಚಿಕೊಳ್ಳುತ್ತವೆ. ಆದರೆ ಪಿಷ್ಟವೆಂದರೆ ಆಹಾರ. ನಮಗೆ ಆಹಾರವಾದದ್ದು ಇರುವೆಗೂ ಬೂಸಲಿಗೂ ಆಹಾರವೇ. ಎರಡು ಮಳೆಗಾಲ ಕಳೆಯುವುದರೊಳಗೆ ಬಿಳಿಗೆರೆ ತುಂಡು ತುಂಡಾಗುತ್ತದೆ. ಕಪ್ಪು ಬೇಕಾದರೆ ಅದೇ ಅಕ್ಕಿಯನ್ನು ಬಾಣಲೆಯಲ್ಲಿ ಕರಿಯಾಗುವವರೆಗೆ ಹುರಿದು ಅರೆಯುತ್ತಾರೆ. ಹುರಿದಾಗ ಪಿಷ್ಟ ಹೋಗಿ ಇಂಗಾಲ ಉಳಿಯುತ್ತದೆ. ಇಂಗಾಲವನ್ನು ಯಾವ ಹುಳುವೂ ತಿನ್ನುವುದಿಲ್ಲ. ಹಳದಿಗೆ ಗುರಿಗೆ ಕಾಯಿ. ಕುಂಚವಾಗಿ ಪುಂಡಿಯ ನಾರು. ತಳಕ್ಕೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿದ ಗೋಡೆ. ಸಗಣಿಯಲ್ಲಿರುವ, ಹಸು ಜೀರ್ಣಿಸಿಕೊಳ್ಳಲಾಗದ ಹುಲ್ಲಿನ ನಾರುಗಳು ಮಣ್ಣನ್ನು ಬಿರುಕು ಬಿಡದಂತೆ ಹಿಡಿದಿಡುತ್ತವೆ. ಅಂಗಡಿಯಿಂದ ತಂದದ್ದು ಒಂದೂ ಇಲ್ಲ.

ಈ ಸೀಮೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನಿಮಗೆ ಚಿತ್ರಗಳಲ್ಲಾದರೂ ಪರಿಚಿತವಿರಬಹುದು. ಮದುವೆಯಲ್ಲಿ ವಧೂವರರನ್ನು ಕೂರಿಸುವ ಹಸೆಯ ಹಿಂದಿನ ಗೋಡೆಯ ಮೇಲೆ ಅದು ಮೂಡುತ್ತದೆ. ಎಳೆಗೆ ಎಳೆ ಸೇರಿಸಿ, ಎಳೆಗಳ ಲೆಕ್ಕ ತಪ್ಪದಂತೆ, ಅಳತೆಪಟ್ಟಿಯಿಲ್ಲದೆ ಬರೆಯುತ್ತಾರೆ. ಸುತ್ತ ಹೆಣೆದುಕೊಂಡ ಜಾಲದಂಥ ಅಂಚು, ನಡುವೆ ಪುಟ್ಟ ರೇಖೆಗಳಲ್ಲಿ ಮದುಮಕ್ಕಳು. ಬರೆಯುವಾಗ ಹಾಡೂ ಉಂಟು. ಕೆಲವು ದಿನಗಳ ಶ್ರಮದ ಫಲವಾದ ಆ ಚಿತ್ರಕ್ಕೆ ಮದುವೆ ಮುಗಿದ ಮೇಲೆ ಯಾರೂ ಗಾಜು ಹಾಕುವುದಿಲ್ಲ, ಬೇಲಿ ಕಟ್ಟುವುದಿಲ್ಲ. ಹೊಗೆ ಹಿಡಿಯುತ್ತದೆ, ಮಕ್ಕಳು ಒರಗುತ್ತಾರೆ, ಗೋಡೆಗೆ ಮತ್ತೆ ಕೆಮ್ಮಣ್ಣು ಬೀಳುತ್ತದೆ. ಇನ್ನೊಂದು ಮದುವೆ ಬಂದಾಗ ಮತ್ತೆ ಅಕ್ಕಿ ನೆನೆಯುತ್ತದೆ.

ಇಲ್ಲಿ ಅಕ್ಕಿ ಎಂಬುದನ್ನು ಬರೀ ಬಣ್ಣವಾಗಿ ನೋಡಿದರೆ ಚರಿತ್ರೆಯ ಒಂದು ದೊಡ್ಡ ಪುಟ ಕಣ್ಣು ತಪ್ಪಿಹೋಗುತ್ತದೆ. ಈ ಹೆಂಗಸರ ಮನೆಗಳಲ್ಲಿ ಬಹಳಷ್ಟು ಗೇಣಿದಾರರವು. ಬೆಳೆದ ಭತ್ತದ ಹೆಚ್ಚು ಪಾಲು ಒಡೆಯರ ಕಣಜಕ್ಕೆ ಹೋಗುತ್ತಿತ್ತು. ಅಳೆದುಕೊಳ್ಳುವ ಕೊಳಗದ ಗಾತ್ರದ ಬಗ್ಗೆಯೇ ಜಗಳವೆದ್ದು, 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಗೇಣಿ ಪದ್ಧತಿ ಕಾನೂನಿನಲ್ಲಿ ಕೊನೆಗೊಂಡದ್ದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ. ಒಂದು ಕೊಳಗ ಭತ್ತಕ್ಕಾಗಿ ಜೈಲಿಗೆ ಹೋಗಬೇಕಾದ ಜನ, ಗೋಡೆಯ ಮೇಲೆ ಅಳಿಸಿಹೋಗುವ ಚಿತ್ರಕ್ಕೆ ಒಂದು ಹಿಡಿ ಅಕ್ಕಿಯನ್ನು ತೆಗೆದಿಡುತ್ತಿದ್ದರು. ಅವರಿಗೆ ಅದು ಅಲಂಕಾರವಾಗಿದ್ದರೆ ಹಾಗೆ ತೆಗೆದಿಡುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಅಷ್ಟರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂತು. 1964ರಲ್ಲಿ ಅದು ಮುಗಿದು ನೀರು ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಮಣ್ಣಿನ ಗೋಡೆ ನೀರಿನಲ್ಲಿ ನಿಲ್ಲುವುದಿಲ್ಲ. ಗೋಡೆಗಳು ಕರಗಿದವು. ಗಂಟುಮೂಟೆ ಹೊತ್ತು ಹೊರಟವರು ಗೋಡೆಯನ್ನು ಒಯ್ಯಲಾಗಲಿಲ್ಲ. ಎಳೆಯ ಲೆಕ್ಕವನ್ನು ಕೈಯಲ್ಲಿ ಒಯ್ದರು. ಮೇಲಿನ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ. ಚಿತ್ರವನ್ನು ಉಳಿಸಿಕೊಳ್ಳುವ ಬದಲು ಚಿತ್ರ ಬರೆಯುವುದನ್ನು ಉಳಿಸಿಕೊಂಡ ಸಮಾಜಕ್ಕೆ ಅಳಿಯುವ ಬಣ್ಣ ಒಂದು ಅನುಕೂಲವೇ ಆಗಿತ್ತು. ಬಣ್ಣ ಅಳಿಯದಿದ್ದರೆ ಮಗಳು ಕಲಿಯುವುದು ಯಾವಾಗ?

ವಿದ್ಯಾರ್ಥಿ ಮಿತ್ರರೇ, ಈಗ ಸ್ವಲ್ಪ ದೂರ ಹೋಗೋಣ. ಹಳ್ಳಿಗರಿಗೆ ಬೇರೆ ಬಣ್ಣ ಸಿಗುತ್ತಿರಲಿಲ್ಲ, ಅದಕ್ಕೆ ಅಕ್ಕಿ ಮಣ್ಣು ಹಿಡಿದರು ಎಂದು ಯಾರಾದರೂ ಹೇಳಬಹುದು. ಹಾಗಾದರೆ ಎಣ್ಣೆಬಣ್ಣ, ಕಂಚು, ಅಮೃತಶಿಲೆ ಎಲ್ಲವೂ ಕೈಗೆಟುಕುವಂತಿದ್ದ ಯೂರೋಪಿನ ಕಲಾವಿದರು 1960ರ ದಶಕದ ಕೊನೆಯಲ್ಲಿ ಎಲೆ, ಮಣ್ಣು, ಮರ, ಹಾಲುಗಳ ಕಡೆಗೆ ಏಕೆ ತಿರುಗಿದರು? ಇಟಲಿಯ ಜೂಸೆಪೆ ಪೆನೋನೆ 1968ರಲ್ಲಿ ತನ್ನ ಊರಿನ ಕಾಡಿನಲ್ಲಿ ಒಂದು ಎಳೆಯ ಮರದ ಕಾಂಡವನ್ನು ಕೈಯಿಂದ ಹಿಡಿದ. ಆಮೇಲೆ ಅದೇ ಜಾಗದಲ್ಲಿ ತನ್ನ ಕೈಯ ಲೋಹದ ಅಚ್ಚೊಂದನ್ನು ಬಿಗಿದು ಬಂದ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಮುಂದಿನದು ಮರದ ಕೆಲಸ. ವರ್ಷ ವರ್ಷ ದಪ್ಪವಾಗುತ್ತ ಮರವು ಆ ಕೈಯನ್ನು ತನ್ನ ಮೈಯೊಳಗೆ ಸೆಳೆದುಕೊಂಡಿತು. ಬೇಲಿಯ ತಂತಿಯನ್ನು ಮರ ನುಂಗಿದ್ದನ್ನು ನೀವು ನೋಡಿರಬಹುದು, ಹಾಗೆ.

ಜರ್ಮನಿಯ ವೊಲ್ಫ್‌ಗಾಂಗ್ ಲೈಬ್ ಓದಿದ್ದು ವೈದ್ಯಶಾಸ್ತ್ರ. 1974ರಲ್ಲಿ ಪದವಿ ಮುಗಿಸಿದವನು ಆಸ್ಪತ್ರೆಗೆ ಹೋಗದೆ ಕಲೆಯತ್ತ ಬಂದ. ಚೌಕಾಕಾರದ ಬಿಳಿ ಅಮೃತಶಿಲೆಯ ಹಲಗೆಯನ್ನು ಕಣ್ಣಿಗೆ ಕಾಣದಷ್ಟು ತೆಳುವಾಗಿ ತಗ್ಗು ಮಾಡಿ, ಅದರಲ್ಲಿ ಹಾಲು ತುಂಬಿದ. ನೋಡುವವರಿಗೆ ಕಲ್ಲು ಯಾವುದು, ಹಾಲು ಯಾವುದು ತಿಳಿಯುವುದಿಲ್ಲ. ಆದರೆ ಸಂಜೆಯ ಹೊತ್ತಿಗೆ ಹಾಲು ಕೆಡುತ್ತದಲ್ಲ? ಪ್ರತಿದಿನ ಅದನ್ನು ತೆಗೆದು, ಕಲ್ಲು ತೊಳೆದು, ಹೊಸ ಹಾಲು ಹೊಯ್ಯಬೇಕು. ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿ ಯಾರಾದರೊಬ್ಬರು ಈ ಕೆಲಸವನ್ನು ನಿತ್ಯ ಮಾಡುತ್ತಾರೆ. ಭಾರತವನ್ನು ಚೆನ್ನಾಗಿ ಬಲ್ಲ ಈ ಕಲಾವಿದ ಅಕ್ಕಿಯನ್ನೂ ಹೂವಿನ ಪರಾಗವನ್ನೂ ಬಳಸಿದ. 2013ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ನೆಲದ ಮೇಲೆ ಅವನು ಜರಡಿ ಹಿಡಿದ ಹಳದಿ ಪರಾಗ, ಹಲವು ಋತುಗಳಲ್ಲಿ ಕೈಯಾರೆ ಕೂಡಿಟ್ಟದ್ದು. ಅಂಗಳಕ್ಕೆ ದಿನವೂ ರಂಗೋಲಿ ಹಾಕುವ ಮನೆಯಿಂದ ಬಂದ ನಿಮಗೆ ಇದು ಅಷ್ಟೇನೂ ವಿಚಿತ್ರವಾಗಿ ತೋರಲಾರದು.

ಆದರೆ ನಮ್ಮ ವಿಷಯಕ್ಕೆ ಇವರಿಬ್ಬರಿಗಿಂತ ಹತ್ತಿರದವರು ಶೀಲಾ ಗೌಡ. ಅವರು ಹುಟ್ಟಿದ್ದು 1957ರಲ್ಲಿ, ನಮ್ಮದೇ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತದ್ದು ಚಿತ್ರಕಲೆಯನ್ನೇ. 1992ರ ಕೊನೆ ಮತ್ತು 1993ರ ಆರಂಭದಲ್ಲಿ ದೇಶದಲ್ಲಿ ನಡೆದ ಕೋಮು ಹಿಂಸೆಯ ನಂತರ, ಎಣ್ಣೆಬಣ್ಣದ ಭಾಷೆ ಅವರಿಗೆ ಸಾಲದಾಯಿತು. ಅವರು ಸಗಣಿಯನ್ನು ಎತ್ತಿಕೊಂಡರು. ಮೊದಲು ಬಣ್ಣವಾಗಿ, ಆಮೇಲೆ ಇಟ್ಟಿಗೆಯಾಗಿ, ಬೆರಣಿಯಾಗಿ.

ಏಕೆ ಸಗಣಿ? ನಮ್ಮಲ್ಲಿ ಅದು ಪವಿತ್ರ, ಗೊಬ್ಬರ, ಉರುವಲು, ಮತ್ತು ಅದನ್ನು ಬಾಚುವುದು ಹೆಂಗಸರ ಕೆಲಸ. ಒಂದೇ ವಸ್ತುವಿನಲ್ಲಿ ಪೂಜೆಯೂ ದುಡಿಮೆಯೂ ರಾಜಕೀಯವೂ ಮೆತ್ತಿಕೊಂಡಿವೆ. ಹಸುವಿನ ಹೆಸರಿನಲ್ಲಿ ಜನ ಕಾದಾಡುವ ದೇಶದಲ್ಲಿ, ಗ್ಯಾಲರಿಯ ನುಣುಪು ನೆಲದ ಮೇಲೆ ಸಗಣಿಯ ಇಟ್ಟಿಗೆಗಳ ಸಾಲು, ಇಟ್ಟಿಗೆಗಳ ನಡುವೆ ಕುಂಕುಮದ ಕೆಂಪು ಗೆರೆ ಕಂಡರೆ ಯಾರೂ ವಿವರಿಸದೆಯೂ ಏನೋ ಅರ್ಥವಾಗುತ್ತದೆ. 1996ರ ಅವರ ಅಂಥ ಒಂದು ಕೃತಿಯ ಛಾಯಾಚಿತ್ರ ನೋಡಿದಾಗ ನನಗೆ ಗಾರೆಯ ಬದಲು ಗಾಯ ಕಂಡಿತು.

1998ರಲ್ಲಿ ಅವರು ನೂರಾರು ಅಡಿ ಉದ್ದದ ನೂಲನ್ನು ಹೊಲಿಗೆಯ ಸೂಜಿಗಳ ಕಣ್ಣಿನಲ್ಲಿ ಪೋಣಿಸಿ, ಅಂಥ ಎಳೆಗಳ ಕಟ್ಟನ್ನು ಕುಂಕುಮ ಮತ್ತು ಅಂಟಿನಿಂದ ನಾದಿ, ಕೆಂಪು ಹಗ್ಗ ಮಾಡಿದರು. ಅದು ಗ್ಯಾಲರಿಯ ಗೋಡೆಯಿಂದ ಇಳಿದು ನೆಲದ ಮೇಲೆ ಹೊಕ್ಕುಳಬಳ್ಳಿಯಂತೆ ಸುರುಳಿಯಾಗುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅವರು ತೋರಿಸಿದ ಕೃತಿ ಇನ್ನೂ ಮುಂದೆ ಹೋಯಿತು. ಅಗರಬತ್ತಿಗೆ ಬಳಸುವ ಹದವನ್ನು ಚೌಕಟ್ಟುಗಳ ಜಾಲರಿಯ ಮೇಲೆ ಆಕಾರಗಳಾಗಿ ಇಟ್ಟು ಸುಟ್ಟರು. ಉಳಿದದ್ದು ಬೂದಿ. ಉಸಿರು ಬಿಟ್ಟರೆ ಹಾರಿಹೋಗುವಂಥದ್ದು. ಯುದ್ಧದ ನಂತರದ ನೆಲವನ್ನು ಆಕಾಶದಿಂದ ನೋಡಿದಂತೆ ಅದು ಕಾಣುತ್ತಿತ್ತು. 2009ರಲ್ಲಿ ವೆನಿಸ್ ದ್ವೈವಾರ್ಷಿಕದಲ್ಲಿ ಮನುಷ್ಯರ ಕೂದಲಿನ ಹುರಿಯಲ್ಲಿ ಕಾರಿನ ಬಂಪರುಗಳು ತೂಗಾಡಿದವು. ದೃಷ್ಟಿ ತಾಗದಿರಲೆಂದು ನಮ್ಮ ವಾಹನಗಳಿಗೆ ಕಟ್ಟುತ್ತಾರಲ್ಲ, ಅದೇ ಕೂದಲ ಹುರಿ! ಅದರ ಒಟ್ಟು ಉದ್ದ ಸುಮಾರು ನಾಲ್ಕು ಕಿಲೋಮೀಟರ್. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆ ಕೊಡಬಾರದು. ಶೀಲಾ ಗೌಡರು ಹಸೆ ಚಿತ್ತಾರವನ್ನು ಮುಂದುವರಿಸಿದರು ಎಂದು ನಾನು ಹೇಳುತ್ತಿಲ್ಲ. ಹಳ್ಳಿಯ ಗೋಡೆಗೆ ಸಾರಿಸಿದ ಸಗಣಿ ಯಾರಿಗೂ ಏನನ್ನೂ ಪ್ರಶ್ನಿಸುವುದಿಲ್ಲ. ಅವರ ಸಗಣಿ ಪ್ರಶ್ನಿಸುತ್ತದೆ. ದೀವರ ಹೆಂಗಸರಿಗೆ ಕಾಲ ಎಂದರೆ ಮತ್ತೆ ಬರುವ ಹುಣ್ಣಿಮೆ, ಮತ್ತೆ ಬರುವ ಮದುವೆ. ಆಧುನಿಕ ಕಲಾವಿದರಿಗೆ ಅದು ಒಂದೇ ದಿಕ್ಕಿಗೆ ಓಡಿ ಬೂದಿಯಲ್ಲಿ ನಿಲ್ಲುವಂಥದ್ದು. ವಸ್ತು ಒಂದೇ, ಅದರೊಳಗಿನ ಕಾಲ ಬೇರೆ. ನಮ್ಮ ಕಾರ್ಯಕ್ರಮಗಳಲ್ಲಿ 'ಪರಂಪರೆಯ ಮುಂದುವರಿಕೆ' ಎಂಬ ಮಾತನ್ನು ಧಾರಾಳವಾಗಿ ಬಳಸುತ್ತೇವೆ, ನಾನೂ ಬಳಸಿದ್ದೇನೆ. ಇಲ್ಲಿ ಅದು ಒಪ್ಪುವುದಿಲ್ಲ.

ಈ ನಡುವೆ ಗೋಡೆಗಳೇ ಬದಲಾಗಿವೆ. ಸಿಮೆಂಟಿನ ಗೋಡೆ ಸಗಣಿಯನ್ನು ಹಿಡಿಯುವುದಿಲ್ಲ, ಕೆಮ್ಮಣ್ಣು ಅದರ ಮೇಲೆ ಪದರೆದ್ದು ಉದುರುತ್ತದೆ. ಆದ್ದರಿಂದ ಚಿತ್ತಾರ ಕಾಗದಕ್ಕೆ, ಬಟ್ಟೆಗೆ, ಹಲಗೆಗೆ ಬಂದಿದೆ, ಚೌಕಟ್ಟಿನಲ್ಲಿ ಮಾರಾಟವಾಗುತ್ತದೆ. ಅದರಿಂದ ಕೆಲವು ಮನೆಗಳಿಗೆ ಸಂಪಾದನೆಯಾಗಿದೆ, ಬರೆಯುವವರ ಹೆಸರು ಹೊರಗಿನವರಿಗೆ ತಿಳಿದಿದೆ. ಅದನ್ನು ಹಳಿಯುವ ಹಕ್ಕು ಪಟ್ಟಣದಲ್ಲಿ ಸಿಮೆಂಟಿನ ಮನೆಯಲ್ಲಿರುವ ನನಗಿಲ್ಲ. ಆದರೆ ಅಂಗಡಿಯ ಬಣ್ಣ ಬಂದೊಡನೆ ಗುರಿಗೆ ಕಾಯಿಗಾಗಿ ಕಾಡಿಗೆ ಹೋಗುವುದು ನಿಂತಿತು. ಯಾವ ಮರ, ಯಾವ ತಿಂಗಳು ಎಂಬುದು ಮೊಮ್ಮಗಳಿಗೆ ಬೇಡವಾಯಿತು. ಒಮ್ಮೆ ಬರೆದದ್ದು ಇಪ್ಪತ್ತು ವರ್ಷ ಗೋಡೆಯಲ್ಲಿ ತೂಗಿದರೆ ಆ ಇಪ್ಪತ್ತು ವರ್ಷ ಆ ಮನೆಯಲ್ಲಿ ಯಾರೂ ಬರೆಯಬೇಕಿಲ್ಲ. ಇದಕ್ಕೆ ಎದುರಾಗಿ ಹೆಗ್ಗೋಡಿನ ಹತ್ತಿರ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ 'ಚರಕ'ದಂಥ ಪ್ರಯತ್ನಗಳಿವೆ. ಅಡಿಕೆ ಬೇಯಿಸಿದ ಚೊಗರನ್ನೇ ಅಲ್ಲಿ ಬಟ್ಟೆಗೆ ಬಣ್ಣವಾಗಿಸಿದರು.

ಶೀಗೆ ಹುಣ್ಣಿಮೆಗೆ ಸ್ವಲ್ಪ ಮುಂಚೆ ನಾವು ಸಾಗರ ತಾಲ್ಲೂಕಿನ ಒಂದು ಮನೆಯಲ್ಲಿ ಚಿತ್ರೀಕರಣಕ್ಕೆ ಹೋಗಿದ್ದೆವು. ಮಲೆನಾಡಿನಲ್ಲಿ ಅಂದು ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಗದ್ದೆಗೆ, ಬಸುರಿಗೆ ಬಯಕೆ ಬಡಿಸುವಂತೆ, ಅಡುಗೆ ಒಯ್ದು ಚರಗ ಚೆಲ್ಲುತ್ತಾರೆ. ಅದನ್ನು ಹೊತ್ತೊಯ್ಯುವುದು ಚಿತ್ತಾರ ಬರೆದ ಬುಟ್ಟಿಯಲ್ಲಿ. ಮನೆಯ ಹಿರಿಯಾಕೆ ಜಗಲಿಯಲ್ಲಿ ಕೂತು ಬುಟ್ಟಿಗೆ ಸಗಣಿ ಮತ್ತು ಕೆಮ್ಮಣ್ಣು ಸಾರಿಸುತ್ತಿದ್ದರು. ಹೋದ ವರ್ಷದ ಬಿಳಿಗೆರೆ ಇನ್ನೂ ಅಲ್ಲಲ್ಲಿ ಚೆನ್ನಾಗಿಯೇ ಇತ್ತು. ಅದು ಮುಚ್ಚಿಹೋಗುವ ಮೊದಲು ಒಂದು ಕ್ಷಣ ನಿಲ್ಲಿಸಿ ಎಂದು ಕೇಳಿದೆ. ಅವರು ಕೈ ಎತ್ತಿ ನಿಂತರು, ಯಾಕೆಂದು ಅವರಿಗೆ ಅರ್ಥವಾಗಲಿಲ್ಲ. ಹಬ್ಬ ಮುಗಿದ ಮೇಲೆ ಈ ಬುಟ್ಟಿಯನ್ನು ನಮ್ಮ ಸ್ಟುಡಿಯೊಗೆ ಕೊಡುವಿರಾ, ಬೆಲೆ ಕೊಡುತ್ತೇವೆ ಎಂದೆ. ಬರುವ ವರ್ಷಕ್ಕೆ ಬೇಕಲ್ಲ ಎಂದರು.

ಬುಟ್ಟಿಯ ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಕ್ಯಾಮೆರಾದವರು ಲೆನ್ಸನ್ನು ಅಲ್ಲಿಗೆ ಹತ್ತಿರ ತಂದರು. ಕೆಂಪು, ಅದರ ಕೆಳಗೆ ಕೂದಲೆಳೆಯಷ್ಟು ಬಿಳಿ, ಮತ್ತೆ ಕೆಂಪು, ಮತ್ತೆ ಬಿಳಿ. ಮಾನಿಟರಿನಲ್ಲಿ ಹನ್ನೊಂದರವರೆಗೆ ಎಣಿಸಿದೆವು. ಅದರ ಕೆಳಗೆ ಪದರಗಳು ಒಂದಕ್ಕೊಂದು ಬೆರೆತು ಲೆಕ್ಕ ಸಿಗಲಿಲ್ಲ. ಅಷ್ಟರಲ್ಲಿ ಅವರು ಅಕ್ಕಿಯ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು, ಪುಂಡಿ ನಾರನ್ನು ಅದ್ದಿ, ಮೊದಲ ಎಳೆ ಎಳೆದಾಗಿತ್ತು.